ಟವರ್ ಇಲ್ಲದ ರನ್‌ವೇ, ತಿರುವಿನ ಹಾರ್ನ್

ಮಳೆಗಾಲದ ಬೆಳಗಿನಲ್ಲಿ ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವ ಚಾಲಕರನ್ನು ಗಮನಿಸಿ. ಹಗಲಲ್ಲೂ ಗಾಡಿಯ ದೀಪ ಉರಿಯುತ್ತಿರುತ್ತದೆ. ತಿರುವು ಹತ್ತಿರವಾಗುತ್ತಿದ್ದಂತೆ ಒಂದು ಹಾರ್ನ್. ಮಂಜಿನ ಆಚೆಯಿಂದ ಇನ್ನೊಂದು ಹಾರ್ನ್ ಕೇಳಿದರೆ ಕಾಲು ಬ್ರೇಕಿನ ಮೇಲೆ. ದಾರಿ ಕಿರಿದಾದ ಕಡೆ ಏರು ಹತ್ತುವ ಗಾಡಿಗೆ ಇಳಿಯುವ ಗಾಡಿ ಜಾಗ ಬಿಡುತ್ತದೆ. ಅಲ್ಲಿ ಸಿಗ್ನಲ್ ದೀಪವಿಲ್ಲ, ಕೈಯೆತ್ತಿ ನಿಲ್ಲಿಸುವ ಪೊಲೀಸರೂ ಇಲ್ಲ. ಆಚೆಯಿಂದ ಸದ್ದು ಬರಲಿಲ್ಲವೆಂದು ಪಳಗಿದ ಚಾಲಕ ನಿಶ್ಚಿಂತನಾಗುವುದಿಲ್ಲ. ಎದುರು ಬರುತ್ತಿರುವ ಗಾಡಿಯ ಹಾರ್ನ್ ಕೆಟ್ಟಿರಲೂಬಹುದಲ್ಲ!

ಕಂಟ್ರೋಲ್ ಟವರ್ ಇಲ್ಲದ ರನ್‌ವೇಯಲ್ಲಿ ಸಣ್ಣ ವಿಮಾನಗಳು ಏರಿ ಇಳಿಯುವುದು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ. ‘ನೀನು ಮೊದಲು ಇಳಿ, ನೀನು ಕಾಯಿ’ ಎಂದು ಹೇಳುವವರು ಅಲ್ಲಿ ಯಾರೂ ಇರುವುದಿಲ್ಲ. ಪೈಲಟ್‌ಗಳೇ ರೇಡಿಯೋದಲ್ಲಿ ತಾವೆಲ್ಲಿದ್ದೇವೆಂದು ಹೇಳಿಕೊಳ್ಳುತ್ತಾರೆ, ಕಣ್ಣಿಟ್ಟು ನೋಡುತ್ತಾರೆ, ಗೊತ್ತಾದ ನಿಯಮದಂತೆ ದಾರಿ ಬಿಡುತ್ತಾರೆ. ಇದೇನೂ ಅಪರೂಪದ ಏರ್ಪಾಡಲ್ಲ. ಅಮೆರಿಕದಲ್ಲಿ ಸಾರ್ವಜನಿಕ ಬಳಕೆಗಿರುವ ಸುಮಾರು 5,000 ವಿಮಾನ ನಿಲ್ದಾಣಗಳ ಪೈಕಿ ಟವರ್ ಇರುವುದು 500ರಷ್ಟಕ್ಕೆ ಮಾತ್ರ.

ಇಷ್ಟೆಲ್ಲ ಮಡಿಕೇರಿಗೆ ಯಾಕೆ?

ಕೊಡಗು ಆಕಾಶಕ್ಕೆ ಹೊಸಬರ ನಾಡೇನಲ್ಲ. ಮಡಿಕೇರಿಯ ಹಳೆಯ ಖಾಸಗಿ ಬಸ್ ನಿಲ್ದಾಣದ ಬಳಿಯ ವೃತ್ತಕ್ಕೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಹೆಸರಿದೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ, ತಮ್ಮ ಹಳೆಯ ಮಿಸ್ಟೇರ್ ವಿಮಾನದಿಂದಲೇ ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಯುದ್ಧವಿಮಾನ ಸ್ಟಾರ್‌ಫೈಟರನ್ನು ಕೆಡವಿ, ಮರಳಿ ಬಾರದೆ ಹೋದವರು ಅವರು. ಮಹಾವೀರ ಚಕ್ರ ಸಂದದ್ದು 1988ರಲ್ಲಿ. ಯುದ್ಧಕ್ಕೆ ಹೊರಡುವ ಮುನ್ನ ಅವರು ವಾಯುಪಡೆಯ ಫ್ಲೈಯಿಂಗ್ ಕಾಲೇಜಿನಲ್ಲಿ ಹಾರಾಟ ಕಲಿಸುವ ಗುರುವಾಗಿದ್ದರು.

ಆದರೆ ದೇವಯ್ಯನವರ ಜಿಲ್ಲೆಯಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ವಿಮಾನ ಹತ್ತಬೇಕಾದವರು ಮೈಸೂರಿನ ಮಂಡಕಳ್ಳಿಗೋ ಮಂಗಳೂರಿಗೋ ಹೋಗಬೇಕು. 2018ರ ಡಿಸೆಂಬರ್ 9ರಂದು ಕಣ್ಣೂರಿನ ಮಟ್ಟನ್ನೂರಿನಲ್ಲಿ ನಿಲ್ದಾಣ ತೆರೆದ ಮೇಲೆ ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಘಾಟಿಯ ದಾರಿ ಹತ್ತಿರವಾಯಿತು. ಕುಶಾಲನಗರದ ಪಕ್ಕದ ಕೂಡಿಗೆಯಲ್ಲಿ ಕಿರು ವಿಮಾನ ನಿಲ್ದಾಣ ಮಾಡುವ ಮಾತು ವರ್ಷಗಳಿಂದ ಬರುತ್ತಲೂ ಹೋಗುತ್ತಲೂ ಇದೆ. ಇತ್ತ ಪೊನ್ನಂಪೇಟೆಯ ಕಡೆ ಮೈಕ್ರೋಲೈಟ್‌ಗಳು ಪ್ರವಾಸಿಗರನ್ನು ಕೂರಿಸಿಕೊಂಡು ಕಾಫಿ ತೋಟಗಳ ಮೇಲೆ ಹಾರಿವೆ. ಇಂಥ ಪುಟ್ಟ ನೆಲಗಳಲ್ಲಿ ಟವರ್ ಇರುವುದಿಲ್ಲ. ನಾಳೆ ಕೂಡಿಗೆಯಲ್ಲಿ ಏರ್‌ಸ್ಟ್ರಿಪ್ ಆದರೂ ಮೊದಲ ದಿನದಿಂದಲೇ ಟವರ್ ಎದ್ದು ನಿಲ್ಲುತ್ತದೆನ್ನಲಾಗದು.

ಹಾಗಾಗಿ ಈ ಶಿಸ್ತು ಪೈಲಟ್‌ಗಳಷ್ಟೇ ತಿಳಿಯಬೇಕಾದದ್ದಲ್ಲ. ಹಾರಾಟ ಕಲಿಯಲು ಜಕ್ಕೂರಿಗೋ ಮೈಸೂರಿಗೋ ಹೊರಟ ಹುಡುಗ ಹುಡುಗಿಯರು, ಮೈಕ್ರೋಲೈಟ್ ಏರುವ ಪ್ರವಾಸಿಗರು, ರನ್‌ವೇ ಪಟ್ಟಿಯ ಪಕ್ಕದಲ್ಲೇ ತೋಟ ಗದ್ದೆ ಇರುವವರು, ಮದುವೆಗೆ ಡ್ರೋನ್ ಹಾರಿಸುವವರು, ಎಲ್ಲರಿಗೂ ಇದರಲ್ಲಿ ಒಂದೊಂದು ಪಾಲಿದೆ.

ಕ್ವಿನ್ಸಿಯಲ್ಲಿ ಕೇಳಿಸಿದ ತಪ್ಪು ದನಿ

ಟವರ್ ಇಲ್ಲದ ರನ್‌ವೇಗಳ ಬಗ್ಗೆ ಪಾಠ ಮಾಡುವಾಗ ಹಾರಾಟದ ಗುರುಗಳು ಈಗಲೂ ಹೇಳುವ ಒಂದು ದುರಂತವಿದೆ. 1996ರ ನವೆಂಬರ್ 19ರ ಮುಸ್ಸಂಜೆ, ಅಮೆರಿಕದ ಇಲಿನಾಯ್ ರಾಜ್ಯದ ಕ್ವಿನ್ಸಿ ಎಂಬ ಸಣ್ಣ ಊರಿನ ನಿಲ್ದಾಣ. ಒಂದನ್ನೊಂದು ಕತ್ತರಿಸುವ ರನ್‌ವೇಗಳು. ಯುನೈಟೆಡ್ ಎಕ್ಸ್‌ಪ್ರೆಸ್‌ನ ಬೀಚ್ 1900 ವಿಮಾನ ಹತ್ತು ಪ್ರಯಾಣಿಕರೊಂದಿಗೆ ಒಂದು ರನ್‌ವೇಗೆ ಇಳಿಯುತ್ತಿತ್ತು. ಇನ್ನೊಂದರ ತುದಿಯಲ್ಲಿ ಕಿಂಗ್ ಏರ್ ವಿಮಾನವೊಂದು ಮೇಲೇರಲು ನಿಂತಿತ್ತು. ಅದರ ಹಿಂದೆ ಒಂದು ಪುಟ್ಟ ಚೆರೋಕಿ.

ಇಳಿಯುವ ವಿಮಾನದವರು ರೇಡಿಯೋದಲ್ಲಿ ತಾವು ಬರುತ್ತಿರುವುದನ್ನು ಹೇಳಿದರು. ರನ್‌ವೇ ತುದಿಯಲ್ಲಿರುವ ವಿಮಾನ ಕಾಯುತ್ತದೆಯೇ ಎಂದೂ ಕೇಳಿದರು. ಕಿಂಗ್ ಏರ್ ತುಟಿ ಬಿಚ್ಚಲಿಲ್ಲ. ಹಿಂದಿದ್ದ ಚೆರೋಕಿಯ ಪೈಲಟ್ ತಾನು ಕಾಯುತ್ತಿದ್ದೇನೆಂದು ಉತ್ತರಿಸಿದ. ಅದೇ ಕ್ಷಣಕ್ಕೆ ಬೀಚ್ ವಿಮಾನದೊಳಗೆ ಎತ್ತರ ಹೇಳುವ ಯಂತ್ರದ ದನಿ ಮೊಳಗಿ ಉತ್ತರದ ಒಂದು ತುಂಡು ನುಂಗಿಹೋಯಿತು. ಉಳಿದ ಮಾತು ಕಿಂಗ್ ಏರ್‌ನದೇ ಎಂದು ಬೀಚ್‌ನವರು ತಿಳಿದರು, ಇಳಿದರು. ಕಿಂಗ್ ಏರ್ ಓಟ ಆರಂಭಿಸಿಯೇ ಬಿಟ್ಟಿತ್ತು. ರನ್‌ವೇಗಳು ಕೂಡುವಲ್ಲಿ ಎರಡೂ ಡಿಕ್ಕಿ ಹೊಡೆದವು.

ಎರಡೂ ವಿಮಾನಗಳಲ್ಲಿದ್ದ 14 ಮಂದಿಯೂ ಸತ್ತರು. ನೆರವಿಗೆ ಓಡಿದವರಿಂದ ಬೀಚ್‌ನ ಬಾಗಿಲು ತೆರೆಯಲಾಗಲಿಲ್ಲ. ಕಿಂಗ್ ಏರ್‌ನವರು ರೇಡಿಯೋ ಆಲಿಸುವುದರಲ್ಲಿ, ಸುತ್ತ ನೋಡುವುದರಲ್ಲಿ ಎಡವಿದ್ದೇ ಮುಖ್ಯ ಕಾರಣವೆಂದು ಅಮೆರಿಕದ ಸಾರಿಗೆ ಸುರಕ್ಷಾ ಮಂಡಳಿ ಹೇಳಿತು. ಚೆರೋಕಿಯ ಅರ್ಧಂಬರ್ಧ ಕೇಳಿಸಿದ ಮಾತು, ನಿಲ್ದಾಣದಲ್ಲಿ ಸಾಕಷ್ಟು ಅಗ್ನಿಶಾಮಕ ವ್ಯವಸ್ಥೆ ಇಲ್ಲದ್ದು, ತೆರೆಯದ ಬಾಗಿಲು ಇವೂ ವರದಿಯಲ್ಲಿ ಬಂದವು.

ಇದರಿಂದ ಎದ್ದುಬಂದ ಎಚ್ಚರಿಕೆ ಇಷ್ಟು: ರೇಡಿಯೋದಲ್ಲಿ ಉತ್ತರ ಬಂದರೆ ಸಾಲದು, ಯಾರ ಉತ್ತರ ಎಂಬುದು ಗೊತ್ತಾಗಬೇಕು. ಅನುಮಾನ ಬಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಬೇಕು.

ರೇಡಿಯೋದಲ್ಲಿ ಏನು ಹೇಳಬೇಕು

ಟವರ್ ಇಲ್ಲದ ಕಡೆ ಮಾತು ಚುಟುಕಾಗಿರಬೇಕು, ಮೊದಲಿಗೂ ಕೊನೆಗೂ ಊರಿನ ಹೆಸರು ಬರಬೇಕು. ಅಕ್ಕಪಕ್ಕದ ಎರಡು ಮೂರು ನಿಲ್ದಾಣಗಳು ಒಂದೇ ತರಂಗಾಂತರ ಬಳಸುತ್ತಿದ್ದರೆ, ಮಾತಿನ ತಲೆ ಕೇಳದವರಿಗೆ ಬಾಲವಾದರೂ ಕೇಳಲಿ ಎಂಬುದು ಉದ್ದೇಶ. ಕೂಡಿಗೆಯಲ್ಲಿ ಪಟ್ಟಿಯೊಂದಿದೆ ಎಂದುಕೊಂಡರೆ ಮಾತು ಹೀಗಿರುತ್ತದೆ: ‘ಕೂಡಿಗೆ ಟ್ರಾಫಿಕ್, ವಿಕ್ಟರ್ ಟ್ಯಾಂಗೋ ಆಲ್ಫಾ ಬ್ರಾವೋ ಚಾರ್ಲಿ, ಲೆಫ್ಟ್ ಡೌನ್‌ವಿಂಡ್, ರನ್‌ವೇ ಟೂ ಸೆವೆನ್, ಕೂಡಿಗೆ.’ ವಿಕ್ಟರ್ ಟ್ಯಾಂಗೋ ಎಂದರೆ ವಿ, ಟಿ. ಭಾರತದಲ್ಲಿ ನೋಂದಾಯಿಸಿದ ಪ್ರತಿ ವಿಮಾನದ ಗುರುತು ಶುರುವಾಗುವುದೇ ಅಲ್ಲಿಂದ. ಡೌನ್‌ವಿಂಡ್ ಎಂದರೆ ರನ್‌ವೇ ಸುತ್ತಿನ ದಾರಿಯ ಒಂದು ಭಾಗ, ಅದರ ವಿವರ ಮುಂದಿದೆ.

ರನ್‌ವೇಯ ಸಂಖ್ಯೆ ದಿಕ್ಸೂಚಿಯಿಂದ ಬಂದದ್ದು. ಪೂರ್ವಕ್ಕೆ ಮುಖ ಮಾಡಿದರೆ 90 ಡಿಗ್ರಿ, ಕೊನೆಯ ಸೊನ್ನೆ ಬಿಟ್ಟರೆ 09. ಅದೇ ಪಟ್ಟಿಗೆ ಎದುರು ತುದಿಯಿಂದ 27. ಮೈಸೂರಿನ ರನ್‌ವೇಗೆ 09/27 ಎನ್ನುವುದು, ಜಕ್ಕೂರಿನದಕ್ಕೆ 08/26 ಎನ್ನುವುದು ಈ ಲೆಕ್ಕದಲ್ಲಿಯೇ. ಸಂಖ್ಯೆ ತಪ್ಪಿ ಹೇಳಿದವನು ಎದುರು ತುದಿಯಿಂದ ಬರುತ್ತಿದ್ದೇನೆಂದು ಹೇಳಿದ ಹಾಗಾಯಿತು.

ಸುಮಾರು 10 ಮೈಲಿ ದೂರವಿರುವಾಗ ಒಮ್ಮೆ, ರನ್‌ವೇ ಸುತ್ತಿನ ದಾರಿ ಅಂದರೆ ಸರ್ಕ್ಯೂಟ್ ಸೇರುವಾಗ, ಡೌನ್‌ವಿಂಡ್‌ನಲ್ಲಿ, ಬೇಸ್‌ಗೆ ತಿರುಗುವಾಗ, ಫೈನಲ್‌ನಲ್ಲಿ, ಕೊನೆಗೆ ರನ್‌ವೇ ಬಿಟ್ಟು ಹೊರಬಂದ ಮೇಲೆ ಒಂದೊಂದು ಮಾತು ಹೇಳುವುದು ಒಳ್ಳೆಯ ರೂಢಿ. ಏರುವವರು ರನ್‌ವೇಗೆ ಕಾಲಿಡುವ ಮುನ್ನ ಹೇಳಬೇಕು. ‘ಅಲ್ಲಿ ಯಾರಾದರೂ ಇದ್ದರೆ ತಿಳಿಸಿ’ ಎಂದು ಒದರುವುದು ಬೇಡವೆನ್ನುತ್ತದೆ ಅಮೆರಿಕದ ವಿಮಾನಯಾನ ಇಲಾಖೆ. ಅದು ಎಲ್ಲರನ್ನೂ ಒಟ್ಟಿಗೆ ಮಾತಾಡಿಸಿ ತರಂಗಾಂತರ ಕಟ್ಟಿಬಿಡುತ್ತದೆ. ಮೊದಲು ಸುಮ್ಮನೆ ಆಲಿಸಿದರೆ ಅರ್ಧ ಚಿತ್ರ ತಾನಾಗಿ ಮೂಡುತ್ತದೆ.

ಟವರ್ ಇಲ್ಲವೆಂದರೆ ಅನುಮತಿಯೇ ಬೇಡವೆಂದಲ್ಲ. ಭಾರತದಲ್ಲಿ ಸಣ್ಣ ವಿಮಾನವೂ ಹಾರಾಟದ ಯೋಜನೆ ಸಲ್ಲಿಸಬೇಕು. ಫ್ಲೈಟ್ ಇನ್ಫರ್ಮೇಶನ್ ಸೆಂಟರ್‌ನ ಸಂಖ್ಯೆ, ವಾಯು ರಕ್ಷಣಾ ಅನುಮತಿಯ ಸಂಖ್ಯೆ ಪಡೆಯಬೇಕು. ಸಂಕಷ್ಟದಲ್ಲಿ ಕೂಗಬೇಕಾದ ತರಂಗಾಂತರ ಜಗತ್ತಿನೆಲ್ಲೆಡೆ 121.5 ಮೆಗಾಹರ್ಟ್ಸ್.

ಚೌಕದ ದಾರಿ, ದಾರಿಯ ಹಕ್ಕು

ಆಕಾಶದಲ್ಲಿ ಗೆರೆ ಎಳೆದಿಲ್ಲ. ಆದರೂ ರನ್‌ವೇ ಸುತ್ತ ಒಂದು ಕಾಣದ ಆಯತವಿದೆ. ಪೈಲಟ್‌ಗಳು ಸರ್ಕ್ಯೂಟ್ ಎನ್ನುವುದು ಅದಕ್ಕೆ. ಸಾಮಾನ್ಯವಾಗಿ ನೆಲದಿಂದ 1,000 ಅಡಿ ಮೇಲೆ, ಬೇರೆ ಸೂಚನೆ ಇಲ್ಲದಿದ್ದರೆ ಎಡಕ್ಕೆ ತಿರುಗುತ್ತ ಸಾಗುವ ದಾರಿ. ರನ್‌ವೇಗೆ ಸಮಾನಾಂತರವಾಗಿ ಗಾಳಿಯ ಜೊತೆ ಹೋಗುವುದು ಡೌನ್‌ವಿಂಡ್, ಅಡ್ಡ ತಿರುಗುವುದು ಬೇಸ್, ರನ್‌ವೇಗೆ ನೇರವಾಗುವುದು ಫೈನಲ್. ಎಲ್ಲರೂ ಇದೇ ದಾರಿ ಹಿಡಿದರೆ ಎಲ್ಲಿ ಕಣ್ಣಿಡಬೇಕು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ.

ದಾರಿ ತಪ್ಪಿಸಿ ದೂರದಿಂದ ನೇರವಾಗಿ ಬಂದಿಳಿದರೆ ಏನಾಗಬಹುದು ಎಂಬುದಕ್ಕೆ 2022ರ ಆಗಸ್ಟ್ 18ರಂದು ಕ್ಯಾಲಿಫೋರ್ನಿಯದ ವಾಟ್ಸನ್‌ವಿಲ್‌ನಲ್ಲಿ ನಡೆದದ್ದೇ ಸಾಕ್ಷಿ. ಪುಟ್ಟ ಸೆಸ್ನಾ 152 ಸರ್ಕ್ಯೂಟ್ ಹಿಡಿದು ಇಳಿಯುತ್ತಿತ್ತು. ಎರಡು ಎಂಜಿನ್ನಿನ ಸೆಸ್ನಾ 340 ಸುಮಾರು 180 ನಾಟ್ ವೇಗದಲ್ಲಿ ನೇರವಾಗಿ ಹಿಂದಿನಿಂದ ಬಂತು. ಎರಡೂ ರೇಡಿಯೋದಲ್ಲಿ ಮಾತಾಡಿದ್ದವು. ಚಿಕ್ಕ ವಿಮಾನ ಕೊನೆಗೆ ಇಳಿಯುವುದನ್ನು ಕೈಬಿಡುತ್ತೇನೆಂದೂ ಹೇಳಿತು. ಅಷ್ಟರಲ್ಲಿ ಡಿಕ್ಕಿಯಾಯಿತು, ಮೂವರು ಸತ್ತರು.

ಯಾರು ಯಾರಿಗೆ ದಾರಿ ಬಿಡಬೇಕೆಂಬುದು ಅಂತರರಾಷ್ಟ್ರೀಯ ನಿಯಮದಲ್ಲಿ ಸ್ಪಷ್ಟವಾಗಿದೆ. ಇಳಿಯುತ್ತಿರುವ ವಿಮಾನಕ್ಕೆ ನೆಲದ ಮೇಲಿನದೂ ಆಕಾಶದಲ್ಲಿನದೂ ದಾರಿ ಬಿಡಬೇಕು. ಇಳಿಯುವವೇ ಎರಡಿದ್ದರೆ ಕೆಳಗಿರುವುದಕ್ಕೆ ಮೊದಲ ಹಕ್ಕು. ಹಾಗೆಂದು ಬೇಕೆಂತಲೇ ಕೆಳಗಿಳಿದು ಇನ್ನೊಬ್ಬರ ಮುಂದೆ ನುಗ್ಗುವಂತಿಲ್ಲ. ಎದುರುಬದುರಾದರೆ ಇಬ್ಬರೂ ಬಲಕ್ಕೆ ತಿರುಗಬೇಕು. ಅಡ್ಡ ಬಂದರೆ, ಯಾರ ಬಲಗಡೆ ಇನ್ನೊಂದು ವಿಮಾನವಿದೆಯೋ ಅವರು ಬಿಡಬೇಕು. ಹಿಂದೆ ಹಾಕುವವರು ಬಲದಿಂದ ಹೋಗಬೇಕು. ರಸ್ತೆಯಲ್ಲಿ ಬಲದಿಂದ ಓವರ್‌ಟೇಕ್ ಮಾಡಿ ರೂಢಿಯಿರುವ ನಮಗೆ ಇದೊಂದು ನೆನಪಿಡುವುದು ಸುಲಭ.

ಗಾಳಿಗೆ ಎದುರಾಗಿ ಏರುವುದು, ಎದುರಾಗಿ ಇಳಿಯುವುದು ಮೂಲಪಾಠ. ಟವರ್ ಇಲ್ಲದಲ್ಲಿ ಗಾಳಿಯ ಸುದ್ದಿ ಕೊಡುವುದು ಕಂಬಕ್ಕೆ ಕಟ್ಟಿದ ಕಿತ್ತಳೆ ಬಿಳಿ ಪಟ್ಟೆಯ ಗಾಳಿಚೀಲ, ವಿಂಡ್‌ಸಾಕ್. ಸುಮಾರು 15 ನಾಟ್, ಅಂದರೆ ಗಂಟೆಗೆ 28 ಕಿ.ಮೀ. ಗಾಳಿಗೆ ಅದು ಪೂರ್ತಿ ಚಾಚಿಕೊಳ್ಳುತ್ತದೆ. ಇಳಿಯುವ ಮುನ್ನ ಪಟ್ಟಿಯ ಮೇಲೆ ಒಂದು ಸುತ್ತು ಹಾಕಿ ಅದನ್ನು ನೋಡಿದರೆ ಗಾಳಿಯೂ ತಿಳಿಯುತ್ತದೆ, ಮೇಯುತ್ತಿರುವ ದನವೂ ಕಾಣುತ್ತದೆ. ಪಟ್ಟಿಯ ಮೇಲೆ ದೊಡ್ಡ ಬಿಳಿ ಗುಣಾಕಾರ ಚಿಹ್ನೆ ಕಂಡರೆ ಅದು ಮುಚ್ಚಿದ ರನ್‌ವೇ.

ಕಣ್ಣಿಗೆ ಬೇಕು ಹನ್ನೆರಡು ಸೆಕೆಂಡು

ಎದುರಿನ ವಸ್ತುವನ್ನು ಕಂಡು, ಅದು ವಿಮಾನವೆಂದು ಅರಿತು, ಅಪಾಯವೆಂದು ತೀರ್ಮಾನಿಸಿ, ಕೈ ತಿರುಗಿಸಿ, ವಿಮಾನ ದಿಕ್ಕು ಬದಲಿಸುವಷ್ಟರಲ್ಲಿ ಸುಮಾರು 12.5 ಸೆಕೆಂಡು ಹೋಗುತ್ತದೆ ಎಂಬುದು ಹಾರಾಟದ ಕೈಪಿಡಿಗಳಲ್ಲಿರುವ ಲೆಕ್ಕ. ಎರಡು ಸಣ್ಣ ವಿಮಾನಗಳು ತಲಾ 90 ನಾಟ್ ವೇಗದಲ್ಲಿ ಎದುರಾದರೆ ಸೆಕೆಂಡಿಗೆ ಸುಮಾರು 93 ಮೀಟರ್ ಅಂತರ ಕರಗುತ್ತದೆ. ಅಂದರೆ ಒಂದು ಕಿಲೋಮೀಟರಿಗೂ ಹೆಚ್ಚು ದೂರದಲ್ಲೇ ಕಾಣದಿದ್ದರೆ ತಪ್ಪಿಸಿಕೊಳ್ಳಲು ಸಮಯವಿಲ್ಲ.

ಕಣ್ಣು ಇನ್ನೊಂದು ಮೋಸವನ್ನೂ ಮಾಡುತ್ತದೆ. ಗಾಜಿನ ಮೇಲೆ ಅತ್ತಿತ್ತ ಸರಿಯುವ ಚುಕ್ಕೆ ಬೇಗ ಗಮನ ಸೆಳೆಯುತ್ತದೆ, ಆದರೆ ಅದು ಡಿಕ್ಕಿ ಹೊಡೆಯುವ ದಾರಿಯಲ್ಲಿಲ್ಲ. ಒಂದೇ ಕಡೆ ನಿಂತಂತಿದ್ದು ನಿಧಾನವಾಗಿ ದೊಡ್ಡದಾಗುವ ಚುಕ್ಕೆಯೇ ಎದೆಗೆ ಬರುವಂಥದ್ದು. ಇದರ ಜೊತೆಗೆ ರೆಕ್ಕೆಯ ಮರೆ: ಮೇಲ್ಗಡೆ ರೆಕ್ಕೆಯಿರುವ ವಿಮಾನಕ್ಕೆ ಮೇಲಿನದು ಕಾಣದು, ಕೆಳಗೆ ರೆಕ್ಕೆಯಿರುವುದಕ್ಕೆ ಕೆಳಗಿನದು ಕಾಣದು. ಫೈನಲ್‌ನಲ್ಲಿ ಇವೆರಡೂ ಒಂದರ ಮೇಲೊಂದು ಬಂದರೆ ಇಬ್ಬರಿಗೂ ಆಕಾಶ ಖಾಲಿಯಾಗಿಯೇ ಕಾಣುತ್ತದೆ. ನಡು ಆಕಾಶದ ಡಿಕ್ಕಿಗಳು ಹೆಚ್ಚಾಗಿ ಆಗುವುದು ಮೋಡ ಮಂಜಿನಲ್ಲಲ್ಲ, ಒಳ್ಳೆಯ ಬಿಸಿಲಿನ ಹಗಲಿನಲ್ಲಿ, ರನ್‌ವೇಯ ಹತ್ತಿರದಲ್ಲಿ.

ಕಲಿಯುವವರು ರನ್‌ವೇಗೆ ಹೋಗುವ ಮುನ್ನ ಹಳದಿ ಗೆರೆಗಳಲ್ಲಿ ನಿಲ್ಲಬೇಕು. ಗೆರೆ ಎರಡು ತುಂಡಿಲ್ಲದವು, ಎರಡು ತುಂಡು ತುಂಡಾದವು. ತುಂಡಿಲ್ಲದ ಗೆರೆಯ ಕಡೆಯಿಂದ ಬರುವವರು ನಿಲ್ಲಲೇಬೇಕು. ಅಲ್ಲಿ ವಿಮಾನವನ್ನು ಸ್ವಲ್ಪ ಓರೆಯಾಗಿಸಿ ಫೈನಲ್ ಕಡೆಯ ಆಕಾಶವನ್ನೂ ರನ್‌ವೇಯ ಎದುರು ತುದಿಯನ್ನೂ ನೋಡಬೇಕು. ರೇಡಿಯೋ ನಿಶ್ಶಬ್ದವಾಗಿದ್ದರೂ ನೋಡಬೇಕು. ಬರುತ್ತಿರುವವರ ರೇಡಿಯೋ ಕೆಟ್ಟಿರಬಹುದು, ಬೇರೆ ತರಂಗಾಂತರದಲ್ಲಿರಬಹುದು. ದೀಪಗಳನ್ನು ಹಗಲಲ್ಲೂ ಉರಿಸಬೇಕು. ರನ್‌ವೇ ಮೇಲೆ ನಿಂತು ತಪಾಸಣೆ ಮಾಡುವುದು, ಇಳಿದ ಮೇಲೆ ಅಲ್ಲೇ ನಿಧಾನಿಸುವುದು ಸಲ್ಲದು.

ಎತ್ತರದ ನಾಡಿನಲ್ಲಿ ಉದ್ದದ ಲೆಕ್ಕ

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದಲ್ಲಿದೆ, ಕುಶಾಲನಗರದ ಬಯಲು 820 ಮೀಟರ್ ಆಸುಪಾಸು. ಎತ್ತರ ಹೆಚ್ಚಿದಂತೆ, ಬಿಸಿಲು ಏರಿದಂತೆ ಗಾಳಿ ತೆಳುವಾಗುತ್ತದೆ. ರೆಕ್ಕೆ, ಪ್ರೊಪೆಲ್ಲರ್, ಎಂಜಿನ್ ಮೂರಕ್ಕೂ ಬಲ ಇಳಿಯುತ್ತದೆ. ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಸಣ್ಣ ವಿಮಾನಗಳಿಗೆ ಕೊಡುವ ಲೆಕ್ಕ ಬಾಯಿಪಾಠ ಮಾಡುವಷ್ಟು ಸರಳ: ಪ್ರತಿ 1,000 ಅಡಿ ಎತ್ತರಕ್ಕೆ ಏರುವ ದೂರ ಶೇ 10 ಹೆಚ್ಚು, ಪ್ರತಿ 10 ಡಿಗ್ರಿ ಹೆಚ್ಚುವರಿ ಉಷ್ಣಕ್ಕೆ ಶೇ 10, ಒಣ ಹುಲ್ಲಾದರೆ ಶೇ 20, ಒದ್ದೆ ಹುಲ್ಲಾದರೆ ಶೇ 30, ಶೇ 2ರ ಏರಿಗೆ ಶೇ 10. ಇವನ್ನು ಕೂಡಿಸಬಾರದು, ಒಂದರಿಂದೊಂದನ್ನು ಗುಣಿಸಬೇಕು.

ಸಮುದ್ರಮಟ್ಟದಲ್ಲಿ 500 ಮೀಟರ್ ಸಾಕು ಎಂದು ಕೈಪಿಡಿ ಹೇಳುವ ವಿಮಾನವೊಂದು 820 ಮೀಟರ್ ಎತ್ತರದ ಒಣ ಹುಲ್ಲಿನ ಪಟ್ಟಿಯಲ್ಲಿದೆ ಎನ್ನಿ. ಏಪ್ರಿಲ್ ಮಧ್ಯಾಹ್ನ, 32 ಡಿಗ್ರಿ. ಆ ಎತ್ತರಕ್ಕೆ ಪ್ರಮಾಣ ಉಷ್ಣಾಂಶ ಸುಮಾರು 10 ಡಿಗ್ರಿ, ಅಂದರೆ ಹೆಚ್ಚುವರಿ 22. ಲೆಕ್ಕ: 500 × 1.27 × 1.22 × 1.2. ಉತ್ತರ 930 ಮೀಟರ್. ಅದರ ಮೇಲೆ ಆ ಪ್ರಾಧಿಕಾರ ಸೂಚಿಸುವ ಸುರಕ್ಷತೆಯ ಅಂಚು 1.33 ಪಟ್ಟು ಹಾಕಿದರೆ 1,230 ಮೀಟರ್ ದಾಟುತ್ತದೆ. ಬೆಳಗ್ಗೆ ತಂಪಿನಲ್ಲಿ ಸಲೀಸಾಗಿ ಎದ್ದ ವಿಮಾನ ಮಧ್ಯಾಹ್ನ ಅದೇ ಪಟ್ಟಿಯ ಕೊನೆಯ ಸಿಲ್ವರ್ ಓಕ್ ಮರಗಳನ್ನು ದಾಟಲು ಏದುಸಿರು ಬಿಡುವುದು ಈ ಕಾರಣಕ್ಕೆ.

ಹಾಗಾದರೆ ಬೆಳಗ್ಗೆಯೇ ಹಾರಬಹುದಲ್ಲ? ಬೆಳಗ್ಗೆ ಕಣಿವೆಯಲ್ಲಿ ಮಂಜು ಕೂತಿರುತ್ತದೆ. ಕಣ್ಣೋಟವನ್ನೇ ನಂಬಿ ಹಾರುವ ವಿಮಾನಗಳಿಗೆ ಸಾಮಾನ್ಯ ಅಳತೆ 5 ಕಿ.ಮೀ. ದೂರ ಕಾಣಬೇಕೆಂಬುದು. ಭಾರತದಲ್ಲಿ ಸೂರ್ಯಾಸ್ತವಾದ 20 ನಿಮಿಷದ ನಂತರದಿಂದ ಸೂರ್ಯೋದಯಕ್ಕೆ 20 ನಿಮಿಷ ಇರುವವರೆಗೆ ವಿಶೇಷ ವಿನಾಯಿತಿ ಇಲ್ಲದೆ ಇಂಥ ಹಾರಾಟಕ್ಕೆ ಅವಕಾಶವೇ ಇಲ್ಲ. ಮಂಜು ಕರಗಿ ಬಿಸಿಲು ಏರುವ ಮುಂಚಿನ ಎರಡು ಮೂರು ಗಂಟೆಯೇ ಇಲ್ಲಿ ಹಾರಾಟಕ್ಕೆ ಹದವಾದ ಹೊತ್ತು. ಮಳೆಗಾಲದ ಮಾತೇ ಬೇಡ. ಜೆ.ಆರ್.ಡಿ. ಟಾಟಾ 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಟಪಾಲು ಹೊತ್ತು ಹಾರಿ ಇಳಿದ ಮುಂಬೈಯ ಜುಹು ಆಗ ಬರೀ ಕೆಸರು ಬಯಲು, ಅವರ ಪುಸ್ ಮಾತ್ ವಿಮಾನದಲ್ಲಿ ರೇಡಿಯೋವೂ ಇರಲಿಲ್ಲ. ಆದರೆ ಮಳೆಗಾಲ ಬಂತೆಂದರೆ ಅವರ ಸಂಸ್ಥೆ ಹಟಕ್ಕೆ ಬೀಳದೆ ಪುಣೆಗೆ ಸ್ಥಳಾಂತರವಾಗುತ್ತಿತ್ತು.

ಪಟ್ಟಿಯ ಅಂಚಿನ ಮನೆಯವರಿಗೆ

ದಿನಕ್ಕೊಂದೋ ಎರಡೋ ವಿಮಾನ ಬರುವ ಪಟ್ಟಿ ನೋಡಲು ಒಳ್ಳೆಯ ಬಾಣೆಯಂತೆಯೇ ಇರುತ್ತದೆ. ದನ ಮೇಯಿಸಲು, ಮಕ್ಕಳಿಗೆ ಬೈಕ್ ಕಲಿಸಲು, ಬೆಳಗಿನ ವಾಕಿಂಗಿಗೆ, ಸಮತಟ್ಟಾದ ಟಾರ್ ಕಂಡರೆ ಕಾಫಿ ಹರಡಲು ಕೂಡ ಮನಸ್ಸಾಗುತ್ತದೆ. ಪ್ರೊಪೆಲ್ಲರ್ ವಿಮಾನ ಎಂಜಿನ್ ತಗ್ಗಿಸಿ ಇಳಿಯುವಾಗ ಸದ್ದು ಕಡಿಮೆ. ತಲೆ ಎತ್ತುವಷ್ಟರಲ್ಲಿ ಬಂದಿರುತ್ತದೆ. ಟವರೂ ಬೇಲಿಯೂ ಇರುವ ದೊಡ್ಡ ನಿಲ್ದಾಣಗಳಲ್ಲೇ ಅನಾಹುತಗಳಾಗಿವೆ. 2014ರ ನವೆಂಬರ್ 6ರಂದು ಸೂರತ್‌ನಲ್ಲಿ ಮೇಲೇರಲು ಓಡುತ್ತಿದ್ದ ಬೋಯಿಂಗ್ ಎಮ್ಮೆಗೆ ಬಡಿಯಿತು. 2015ರ ಡಿಸೆಂಬರ್ 4ರಂದು ಜಬಲ್ಪುರದಲ್ಲಿ ಇಳಿದ ವಿಮಾನ ಕಾಡುಹಂದಿಗಳಿಗೆ ಡಿಕ್ಕಿಯಾಗಿ ರನ್‌ವೇ ಬಿಟ್ಟು ಜಾರಿತು. ಕಾಡುಹಂದಿಗಳ ಜೊತೆ ಆನೆಗಳೂ ಅಡ್ಡಾಡುವ ಕೊಡಗಿನಲ್ಲಿ ಬೇಲಿ, ಹಾರಾಟಕ್ಕೆ ಮುನ್ನ ಪಟ್ಟಿಯ ಉದ್ದಕ್ಕೂ ಜೀಪಿನಲ್ಲಿ ಒಂದು ಸುತ್ತು, ಎರಡೂ ಬೇಕು.

ಪಟ್ಟಿಯ ಎರಡು ತುದಿಗಳ ನೇರಕ್ಕೆ ಹೊಸ ಕಂಬ, ತಂತಿ, ಎತ್ತರದ ಮರ ಬರದಂತೆ ನೋಡಿಕೊಳ್ಳಬೇಕು. ಕಸ, ಮಾಂಸದ ತ್ಯಾಜ್ಯ ಹತ್ತಿರ ಸುರಿದರೆ ಹದ್ದುಗಳು ಬರುತ್ತವೆ. ಡ್ರೋನ್ ಹಾರಿಸುವವರು 2021ರ ಡ್ರೋನ್ ನಿಯಮಗಳಂತೆ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗದ ಬಣ್ಣ ನೋಡಬೇಕು. ಅದರ ಜೊತೆಗೆ ಹತ್ತಿರದಲ್ಲಿ ಮೈಕ್ರೋಲೈಟ್ ನಡೆಸುವವರಿದ್ದರೆ ಒಂದು ಫೋನ್ ಮಾಡುವುದು ಒಳ್ಳೆಯದು. ಮದುವೆಯ ವಿಡಿಯೋ ಅರ್ಧ ಗಂಟೆ ತಡವಾದರೆ ನಷ್ಟವಿಲ್ಲ.

ಹತ್ತುವ ಮುನ್ನ ಪ್ರವಾಸಿಗರು ಕೇಳಬೇಕಾದದ್ದು

ಮೈಕ್ರೋಲೈಟ್ ಎಂದರೆ ಇಬ್ಬರು ಕೂರುವ, ಪೂರ್ತಿ ತೂಕ 450 ಕೆ.ಜಿ. ಆಸುಪಾಸಿನ ಹಗುರ ವಿಮಾನ. ಗಾಳಿಪಟದಂಥ ರೆಕ್ಕೆಯ ಬಗೆಯಲ್ಲಿ ಎಂಜಿನ್, ಪ್ರೊಪೆಲ್ಲರ್ ಎರಡೂ ಕೂತವರ ಬೆನ್ನ ಹಿಂದೆ ಇರುತ್ತವೆ. ಟೋಪಿ, ಕನ್ನಡಕ, ಮೊಬೈಲ್, ಸಡಿಲವಾದ ಶಾಲು ಯಾವುದು ಹಾರಿದರೂ ನೇರ ಪ್ರೊಪೆಲ್ಲರಿಗೆ ಬಡಿಯುತ್ತದೆ. ಸೆಲ್ಫಿಯ ಆಸೆಯನ್ನು ನೆಲದ ಮೇಲೆಯೇ ತೀರಿಸಿಕೊಳ್ಳಬೇಕು.

ವಿಮಾನಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪರವಾನಗಿ, ಪೈಲಟ್‌ಗೆ ಲೈಸೆನ್ಸ್, ಪ್ರಯಾಣಿಕರಿಗೆ ವಿಮೆ ಇದೆಯೇ ಎಂದು ಕೇಳಲು ಸಂಕೋಚ ಬೇಡ. ತಮ್ಮ ತೂಕವನ್ನು ನಿಜವಾಗಿ ಹೇಳಬೇಕು. ಮೇಲೆ ಹೇಳಿದ ಬ್ರಿಟನ್ ಪ್ರಾಧಿಕಾರದ ಲೆಕ್ಕದಂತೆಯೇ ತೂಕ ಶೇ 10 ಹೆಚ್ಚಾದರೆ ಏರುವ ದೂರ ಶೇ 20 ಹೆಚ್ಚುತ್ತದೆ. ಗಾಳಿ ಜೋರಿದೆ, ಇವತ್ತು ಬೇಡ ಎಂದ ಪೈಲಟ್ ಜೊತೆ ದೂರದಿಂದ ಬಂದಿದ್ದೇವೆಂದು ವಾದಕ್ಕಿಳಿಯಬಾರದು. ತಿರುಗುತ್ತಿರುವ ಪ್ರೊಪೆಲ್ಲರ್ ಕಣ್ಣಿಗೆ ಕಾಣುವುದಿಲ್ಲ. ಅದು ಪೂರ್ತಿ ನಿಲ್ಲುವವರೆಗೆ ಹತ್ತಿರ ಹೋಗಬಾರದು.

ಮಂತ್ರಿಗಳೋ ಸಿನಿಮಾದವರೋ ಹೆಲಿಕಾಪ್ಟರಿನಲ್ಲಿ ಬಂದಾಗ ಮೈದಾನ ತುಂಬುವ ಜನಕ್ಕೂ ಇಷ್ಟು ತಿಳಿದಿರಲಿ: ಪೈಲಟ್‌ಗೆ ಕಾಣುವ ಹಾಗೆ ಮುಂದಿನಿಂದ, ಕರೆದ ಮೇಲೆಯೇ ಹೋಗಬೇಕು; ಬಾಲದ ಕಡೆ ಎಂದೂ ಹೋಗಬಾರದು. ಇಳಿಜಾರಿನಲ್ಲಿ ನಿಂತ ಹೆಲಿಕಾಪ್ಟರಿಗೆ ಮೇಲ್ಗಡೆಯಿಂದ ಹೋದರೆ ತಲೆಗೂ ರೆಕ್ಕೆಗೂ ಅಂತರ ಕಡಿಮೆ, ಕೆಳಗಡೆಯಿಂದಲೇ ಹೋಗಬೇಕು.

ಗದ್ದೆಗೆ ವಿಮಾನ ಇಳಿದರೆ

2023ರ ಮೇ 30ರಂದು ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಹೊರಟ ತರಬೇತಿ ವಿಮಾನವೊಂದು ಹೊನ್ನಿಹಾಳದ ಬಳಿ ಹೊಲಕ್ಕೆ ಇಳಿಯಬೇಕಾಯಿತು. ಅದರಲ್ಲಿದ್ದ ಇಬ್ಬರೂ ಸಣ್ಣ ಗಾಯಗಳೊಂದಿಗೆ ಪಾರಾದರು. ಇಂಥ ಸಂದರ್ಭದಲ್ಲಿ ಮೊದಲು ಓಡಿ ಬರುವವರು ಹೊಲದಲ್ಲಿ ಕೆಲಸ ಮಾಡುತ್ತಿದ್ದವರೇ. ಟವರ್ ಇಲ್ಲದ ಪಟ್ಟಿಯ ಬಳಿಯಂತೂ ಅಗ್ನಿಶಾಮಕ ವಾಹನ ಪಕ್ಕದಲ್ಲೇ ನಿಂತಿರುವುದಿಲ್ಲ.

ಹಾಗಾದಾಗ 112ಕ್ಕೆ ಕರೆ ಮಾಡಿ ಊರು, ತೋಟ ಅಥವಾ ಗದ್ದೆಯ ಗುರುತು, ವಾಹನ ಬರಬಹುದಾದ ದಾರಿ ಹೇಳಬೇಕು. ಮುಖ್ಯರಸ್ತೆಯಲ್ಲಿ ದಾರಿ ತೋರಿಸಲು ಒಬ್ಬರನ್ನು ನಿಲ್ಲಿಸಬೇಕು. ಪೆಟ್ರೋಲ್ ಸೋರುತ್ತಿರಬಹುದು, ಬೀಡಿ ಬೆಂಕಿಕಡ್ಡಿ ದೂರವಿರಲಿ. ಪ್ರೊಪೆಲ್ಲರ್ ಮುಟ್ಟಬಾರದು. ಕೆಲವು ಹಗುರ ವಿಮಾನಗಳಲ್ಲಿ ಸಣ್ಣ ರಾಕೆಟ್ಟಿನಿಂದ ಚಿಮ್ಮುವ ಪ್ಯಾರಾಚೂಟ್ ಇರುತ್ತದೆ. ಸಿಡಿಯದೆ ಉಳಿದಿದ್ದರೆ ನೆರವಿಗೆ ಬಂದವರಿಗೇ ಅಪಾಯ, ಹಾಗಾಗಿ ಅದರ ಹಿಡಿಕೆ, ತಂತಿಗಳನ್ನು ಎಳೆಯಬಾರದು. ಗಾಯಗೊಂಡವರನ್ನು ಹೊರತೆಗೆಯಲು ಬೇಕಾದಷ್ಟು ಬಿಟ್ಟು ಬೇರೇನನ್ನೂ ಸರಿಸಬಾರದು. ತನಿಖೆ ಮಾಡುವ ವಿಮಾನ ಅಪಘಾತ ತನಿಖಾ ಬ್ಯೂರೋದವರು ಬರುವವರೆಗೆ ಪ್ರತಿಯೊಂದು ಚೂರೂ ಬಿದ್ದಲ್ಲೇ ಇರಬೇಕು.